ಚಂಡಮಾರುತ ಹೋದ ಮೇಲಿನ ವರ್ಷಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಅಮೆರಿಕದ ಉತ್ತರ ಕೆರೊಲೈನಾದ ಗುಡ್ಡಗಾಡಿಗೆ ತಂದ ನೆರೆಯ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದೆ. ನೀರು ಇಳಿಯಲು ಕೆಲವೇ ದಿನ ಸಾಕಾದರೂ ಮನೆಗಳು ಮೊದಲಿನಂತಾಗಲು ವರ್ಷಗಳೇ ಬೇಕು ಎಂದು ಅದರಲ್ಲಿ ಹೇಳಿದ್ದ ಒಂದು ಮಾತು ಹಲವು ಓದುಗರನ್ನು ಕಾಡಿದೆ. ವರ್ಷಗಳು ಏಕೆ ಬೇಕು, ಆ ವರ್ಷಗಳಲ್ಲಿ ದಾನಿಗಳ ಕೆಲಸವೇನು ಎಂದು ಕೇಳಿ ಕರ್ನಾಟಕದಿಂದಲೂ ಅಮೆರಿಕದಿಂದಲೂ ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಂಥ ಶ್ರೀಮಂತ ದೇಶಕ್ಕೆ ದಾನಿಗಳ ನೆರವು ಏಕೆ ಬೇಕು? ಅಲ್ಲಿ ಸರ್ಕಾರವಿದೆ, ವಿಮೆಯಿದೆ. ನಮ್ಮಲ್ಲಿ ಗಂಜಿ ಕೇಂದ್ರ ತೆರೆಯಬೇಕಾದ ಸ್ಥಿತಿ ಅಲ್ಲಿಯೂ ಬರುತ್ತದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬರುತ್ತದೆ, ಬಂದಿದೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಲೂಯಿಸಿಯಾನಾದ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರವನ್ನು ಕಾಯುತ್ತಿದ್ದ ಒಡ್ಡುಗಳು ಒಡೆದು ನಗರದ ಶೇ 80ರಷ್ಟು ಭಾಗ ನೀರಿನಡಿಯಾಯಿತು. ಆಗ ಅಮೆರಿಕಕ್ಕೆ ನೆರವು ನೀಡಿದ ದೇಶಗಳಲ್ಲಿ ನಮ್ಮದೂ ಒಂದು. ಭಾರತ 50 ಲಕ್ಷ ಡಾಲರ್ ಕೊಟ್ಟಿತಲ್ಲದೆ, ನಮ್ಮ ವಾಯುಪಡೆಯ ವಿಮಾನವೊಂದು ಸುಮಾರು 25 ಟನ್ ಪರಿಹಾರ ಸಾಮಗ್ರಿ ಹೊತ್ತು ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್‌ನಲ್ಲಿ ಇಳಿಯಿತು. ಬಾಂಗ್ಲಾದೇಶ 10 ಲಕ್ಷ ಡಾಲರ್ ನೀಡಿತು. ಎಂಟು ತಿಂಗಳ ಹಿಂದಷ್ಟೇ ಸುನಾಮಿಯಲ್ಲಿ ಬೆಂದಿದ್ದ ಶ್ರೀಲಂಕಾ ಕೂಡ 25,000 ಡಾಲರ್ ಕೊಟ್ಟಿತು. ಆ ಸಣ್ಣ ಮೊತ್ತವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಇನ್ನು ಸರ್ಕಾರ ಮತ್ತು ವಿಮೆಯ ಮಾತು. ಅಮೆರಿಕದ ಸಾಮಾನ್ಯ ಗೃಹವಿಮೆ ಗಾಳಿಗೆ ಹಾರಿಹೋದ ಚಾವಣಿಗೆ ಹಣ ಕೊಡಬಹುದು, ಆದರೆ ಹೊರಗಿನಿಂದ ನುಗ್ಗಿದ ನೆರೆನೀರಿನ ಹಾನಿಗೆ ಕೊಡುವುದಿಲ್ಲ. ಅದಕ್ಕೆ 1968ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆವಿಮೆಯನ್ನು ಬೇರೆಯಾಗಿಯೇ ಕೊಳ್ಳಬೇಕು. ಅದರಲ್ಲಿ ಮನೆಯ ಕಟ್ಟಡಕ್ಕೆ ಸಿಗುವ ಗರಿಷ್ಠ ಮೊತ್ತ 2,50,000 ಡಾಲರ್, ಮನೆಯೊಳಗಿನ ಸಾಮಾನಿಗೆ 1,00,000 ಡಾಲರ್. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಬೆಟ್ಟದ ಮೇಲೆ ಯಾರು ತಾನೇ ಇಂಥ ವಿಮೆ ಕೊಳ್ಳುತ್ತಾರೆ? ಹೆಲೀನ್ ಬಂದಾಗ ಆಶ್‌ವಿಲ್ ನಗರವಿರುವ ಬಂಕೋಂಬ್ ಜಿಲ್ಲೆಯಲ್ಲಿ ನೂರು ಮನೆಗೆ ಒಂದರಂತೆಯೂ ನೆರೆವಿಮೆ ಇರಲಿಲ್ಲ.

ವಿಮೆ ಇಲ್ಲದವರಿಗೆ ಉಳಿಯುವುದು ಕೇಂದ್ರ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆ. ಅಲ್ಲಿನವರೆಲ್ಲ ಅದನ್ನು ಫೆಮಾ ಎಂದೇ ಕರೆಯುತ್ತಾರೆ. ಹೆಲೀನ್ ಹೊತ್ತಿನಲ್ಲಿ ಫೆಮಾ ಒಂದು ಕುಟುಂಬದ ಮನೆ ರಿಪೇರಿಗೆ ಕೊಡಬಹುದಾಗಿದ್ದ ಗರಿಷ್ಠ ನೆರವು 42,500 ಡಾಲರ್. ಅದು ಗರಿಷ್ಠ ಮಿತಿ ಮಾತ್ರ. ಹೆಚ್ಚಿನವರ ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ಮನೆಯನ್ನು ಸುರಕ್ಷಿತವಾಗಿ ವಾಸಿಸುವಂತೆ ಮಾಡುವುದಕ್ಕೆ ಈ ಹಣವೇ ಹೊರತು ಹಿಂದಿದ್ದಂತೆ ಕಟ್ಟಿಕೊಡುವುದಕ್ಕಲ್ಲ. ಮೂರನೆಯದು ದೊಡ್ಡ ಪುನರ್ನಿರ್ಮಾಣ ಅನುದಾನ. ಅಮೆರಿಕದ ಕಾಂಗ್ರೆಸ್ ಪ್ರತಿ ದುರಂತಕ್ಕೂ ಅದನ್ನು ಬೇರೆಯಾಗಿ ಮಂಜೂರು ಮಾಡಬೇಕು. ಅದು ರಾಜ್ಯಕ್ಕೆ ಬಂದು, ಯೋಜನೆ ತಯಾರಾಗಿ, ಅರ್ಜಿ ಹಾಕಿದ ಮನೆಯವರ ಬಾಗಿಲು ತಟ್ಟುವ ಹೊತ್ತಿಗೆ ಒಂದೆರಡು ವರ್ಷ ಸರಿದಿರುತ್ತದೆ.

ಬಂದ ಹಣವೂ ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಕತ್ರೀನಾ ನಂತರ ಲೂಯಿಸಿಯಾನಾದ ‘ರೋಡ್ ಹೋಮ್’ ಯೋಜನೆಯಲ್ಲಿ ಮನೆಯ ಹಳೆಯ ಮಾರುಕಟ್ಟೆ ಬೆಲೆ ಮತ್ತು ರಿಪೇರಿಯ ವೆಚ್ಚ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಆಧಾರವಾಗಿಟ್ಟುಕೊಂಡು ಅನುದಾನ ಲೆಕ್ಕ ಹಾಕಿದರು. ಕಪ್ಪು ಜನರು ಹೆಚ್ಚಾಗಿ ವಾಸಿಸುವ ಬಡಾವಣೆಗಳಲ್ಲಿ ಮನೆಗಳ ಬೆಲೆ ಕಡಿಮೆ. ಹಂಚು, ಹಲಗೆ, ಕೂಲಿಯ ಬೆಲೆ ಮಾತ್ರ ಎಲ್ಲೆಡೆ ಒಂದೇ. ಹೀಗಾಗಿ ಒಂದೇ ಬಗೆಯ ಎರಡು ಮನೆಗಳು ಒಂದೇ ಎತ್ತರದ ನೀರಿನಲ್ಲಿ ಮುಳುಗಿದ್ದರೂ ಒಬ್ಬರಿಗೆ ಮನೆ ಕಟ್ಟುವಷ್ಟು, ಇನ್ನೊಬ್ಬರಿಗೆ ಅರ್ಧಕ್ಕೇ ಕೈಬಿಡುವಷ್ಟು ಹಣ ಬಂತು. ನ್ಯಾಯಾಲಯಕ್ಕೆ ಹೋದ ಈ ವಿವಾದ 2011ರಲ್ಲಿ ರಾಜಿಯಾಯಿತು. 2000ದ ಜನಗಣತಿಯಲ್ಲಿ 4,84,674 ಇದ್ದ ನ್ಯೂ ಆರ್ಲಿಯನ್ಸ್‌ನ ಜನಸಂಖ್ಯೆ 2010ರಲ್ಲಿ 3,43,829ಕ್ಕೆ ಇಳಿದಿತ್ತು, ಮತ್ತೆ ಹತ್ತು ವರ್ಷವಾದರೂ ಹಳೆಯ ಸಂಖ್ಯೆಗೆ ಮರಳಲಿಲ್ಲ. ವಿಮೆ ಮುಗಿಯುವಲ್ಲಿಂದ ಸರ್ಕಾರದ ದೊಡ್ಡ ಹಣ ತಲುಪುವವರೆಗಿನ ಆ ಅಂತರದಲ್ಲಿ ಕುಟುಂಬಗಳು ಊರು ಬಿಡುತ್ತವೆ. ದಾನಿಗಳು ನಿಲ್ಲಬೇಕಾದ ಜಾಗ ಅದು.

ಪ್ರಶ್ನೆ: ಹೆಲೀನ್ ನೆರೆಯ ವಾರದಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಸೇರಿ ಬಟ್ಟೆ, ಕಂಬಳಿ, ಆಟಿಕೆಗಳನ್ನು ಒಟ್ಟುಮಾಡಿ ಸಂಗ್ರಹ ಕೇಂದ್ರವೊಂದಕ್ಕೆ ಒಯ್ದೆವು. ಅವರು ಬಟ್ಟೆ ಬೇಡವೆಂದು ಮರಳಿಸಿದರು. ಮಕ್ಕಳು ತಾವೇ ಮಡಿಸಿ ಕಟ್ಟಿದ್ದ ಬಟ್ಟೆಗಳವು. ತುಂಬ ಬೇಸರವಾಯಿತು.
— ಓದುಗರೊಬ್ಬರು, ಶಾರ್ಲಟ್, ಉತ್ತರ ಕೆರೊಲೈನಾ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಮಕ್ಕಳಿಗೆ ಹೇಳಿ, ಅವರು ಕೊಡಲು ಹೊರಟದ್ದು ತಪ್ಪಲ್ಲ. ಆದರೆ ಆ ಕೇಂದ್ರದವರು ಮಾಡಿದ್ದೂ ಸರಿ. ಬಂದ ಒಂದೊಂದು ಮೂಟೆಯನ್ನೂ ಬಿಚ್ಚಬೇಕು, ಅಳತೆ ನೋಡಿ ವಿಂಗಡಿಸಬೇಕು, ಒಣ ಜಾಗದಲ್ಲಿಡಬೇಕು, ಬೇಕಾದವರನ್ನು ಹುಡುಕಿ ತಲುಪಿಸಬೇಕು. ಇದಕ್ಕೆಲ್ಲ ಬೇಕಾಗುವ ಕೈಗಳು, ಕೋಣೆಗಳು, ಲಾರಿಗಳು ಅದೇ ವಾರ ನೀರಿಗೂ ಔಷಧಿಗೂ ಬೇಕಾಗಿರುತ್ತವೆ. ಆ ವಾರ ಆಶ್‌ವಿಲ್ ಸುತ್ತಲಿನ ರಸ್ತೆಗಳು ಕೊಚ್ಚಿಹೋಗಿ ಕೆಲವು ಕಣಿವೆಗಳಿಗೆ ಹೇಸರಗತ್ತೆಗಳ ಬೆನ್ನಮೇಲೆ ಸಾಮಾನು ಹೊರಿಸಿ ಕಳಿಸಿದ್ದನ್ನು ನೀವೂ ನೋಡಿದ್ದೀರಿ. ಬೆನ್ನಮೇಲೆ ಇಷ್ಟೇ ಜಾಗವಿರುವಾಗ ಇನ್ಸುಲಿನ್ ಏರಬೇಕೋ ಅಂಗಿ ಏರಬೇಕೋ?

1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದಲ್ಲಿ 11,000ಕ್ಕಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ, ಹೊಂಡುರಾಸ್‌ನಂಥ ಸೆಕೆಯ ನಾಡಿಗೆ ಚಳಿಗಾಲದ ಕೋಟುಗಳು ಬಂದು ಬಿದ್ದವು. ಕೇಳದೇ ಬಂದ ಬಟ್ಟೆಯ ರಾಶಿ ವಿಮಾನ ನಿಲ್ದಾಣದ ಜಾಗ ನುಂಗಿ, ತುರ್ತು ಸಾಮಗ್ರಿಯ ವಿಮಾನವೇ ಇಳಿಯಲಾಗಲಿಲ್ಲವೆಂದು ಅಲ್ಲಿ ಕೆಲಸ ಮಾಡಿದ ಅಮೆರಿಕದ ಅಧಿಕಾರಿಗಳು ಹೇಳಿಕೊಂಡಿದ್ದಾರೆ. ಇದಕ್ಕೆ ಒಳ್ಳೆಯ ಪರ್ಯಾಯವೊಂದನ್ನು 2012ರಲ್ಲಿ ಸ್ಯಾಂಡಿ ಚಂಡಮಾರುತದ ಬಳಿಕ ನ್ಯೂಯಾರ್ಕ್‌ನ ಯುವ ಸ್ವಯಂಸೇವಕರು ತೋರಿಸಿದರು. ಮದುವೆಯಾಗುವವರು ಅಮೆಜಾನ್‌ನಲ್ಲಿ ತಮಗೆ ಬೇಕಾದ ಉಡುಗೊರೆಗಳ ಪಟ್ಟಿ ಹಾಕುವ ಪದ್ಧತಿ ಇದೆಯಲ್ಲ, ಅದೇ ಪಟ್ಟಿಯಲ್ಲಿ ಅವರು ನೀರೆತ್ತುವ ಪಂಪು, ಟಾರ್ಚು, ಕೈಗವಸು, ಮಕ್ಕಳ ಡಯಾಪರ್‌ಗಳನ್ನು ಹಾಕಿದರು. ಕೊಡುವವರು ದೂರದಲ್ಲೇ ಕುಳಿತು ಕೊಂಡರು, ಬೇಕಾದದ್ದು ಮಾತ್ರ ಬಂದು ತಲುಪಿತು. ಮುಂದಿನ ಸಲ ನಿಮ್ಮ ಮಕ್ಕಳು ಅಂಥ ಪಟ್ಟಿಯಿಂದ ಒಂದು ವಸ್ತುವನ್ನು ತಾವೇ ಆರಿಸಲಿ. ಉಳಿದಂತೆ ಹಣವೇ ಮೇಲು, ಏಕೆಂದರೆ ಅದು ಊರಿನ ಅಂಗಡಿಯಲ್ಲೇ ಖರ್ಚಾಗಿ ಮುಳುಗಿದ ಅಂಗಡಿಯವರನ್ನೂ ಎತ್ತುತ್ತದೆ.

ಪ್ರಶ್ನೆ: ಹರಿಕೇನ್, ಟೈಫೂನ್, ಸೈಕ್ಲೋನ್ ಇವು ಬೇರೆ ಬೇರೆಯೇ?
— ವಿದ್ಯಾರ್ಥಿನಿ, ಉಡುಪಿ

ಉತ್ತರ: ಒಂದೇ. ಅಟ್ಲಾಂಟಿಕ್ ಮತ್ತು ಈಶಾನ್ಯ ಪೆಸಿಫಿಕ್‌ನಲ್ಲಿ ಹರಿಕೇನ್, ವಾಯವ್ಯ ಪೆಸಿಫಿಕ್‌ನಲ್ಲಿ ಟೈಫೂನ್, ನಮ್ಮ ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್. ಕನ್ನಡಕ್ಕೆ ಎಲ್ಲವೂ ಚಂಡಮಾರುತ. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಹರಿಕೇನ್ ಎನ್ನಿಸಿಕೊಳ್ಳುತ್ತದೆ. ಒಂದರಿಂದ ಐದರವರೆಗಿನ ಶ್ರೇಣಿ ಅಳೆಯುವುದು ಗಾಳಿಯನ್ನು ಮಾತ್ರ ಎಂಬುದನ್ನು ನೆನಪಿಟ್ಟುಕೊಳ್ಳಿ. ಅಮೆರಿಕದಲ್ಲಿ 1963ರಿಂದ 2012ರವರೆಗೆ ಚಂಡಮಾರುತಗಳಿಂದ ನೇರವಾಗಿ ಸತ್ತವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ನೀರಿನಿಂದ ಸತ್ತರು. ಹೆಲೀನ್ ಫ್ಲಾರಿಡಾದಲ್ಲಿ ದಡ ಮುಟ್ಟಿದಾಗ ನಾಲ್ಕನೆಯ ಶ್ರೇಣಿಯಲ್ಲಿತ್ತು. ಉತ್ತರ ಕೆರೊಲೈನಾದ ಬೆಟ್ಟಗಳಿಗೆ ಬರುವಾಗ ಹರಿಕೇನ್ ಎಂಬ ಹೆಸರನ್ನೂ ಕಳೆದುಕೊಂಡಿತ್ತು. ಆದರೂ ಆ ಒಂದು ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ಪ್ರಶ್ನೆ: ‘ದೀರ್ಘಕಾಲೀನ ಚೇತರಿಕೆ ತಂಡ’ ಎಂಬ ಹೆಸರನ್ನು ಓದಿದ್ದೇನೆ. ಅದು ಸರ್ಕಾರದ ಇಲಾಖೆಯೇ, ಸಂಘ ಸಂಸ್ಥೆಯೇ? ಅದರ ಕೆಲಸ ನಡೆಯುವ ಬಗೆಯನ್ನು ವಿವರವಾಗಿ ತಿಳಿಸಿ. ನಾನು ಸಮಾಜಕಾರ್ಯ ಓದುತ್ತಿದ್ದೇನೆ.
— ವಿದ್ಯಾರ್ಥಿ, ಮೈಸೂರು

ಉತ್ತರ: ಇಲಾಖೆಯಲ್ಲ. ದುರಂತ ಕಂಡ ಜಿಲ್ಲೆಯ ಚರ್ಚುಗಳು, ಸೇವಾಸಂಸ್ಥೆಗಳು, ಸಮುದಾಯ ನಿಧಿಗಳು, ಸ್ಥಳೀಯ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕೂರುವ ಏರ್ಪಾಡು ಅದು. ಇದರ ಬೇರು 1969ರ ಕಮೀಲ್ ಚಂಡಮಾರುತದಲ್ಲಿದೆ. ಮಿಸಿಸಿಪಿ ಕರಾವಳಿಯನ್ನು ನೆಲಸಮ ಮಾಡಿದ ಆ ದುರಂತದಲ್ಲಿ ಸಂಸ್ಥೆಗಳು ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿಲ್ಲದೆ ಓಡಾಡಿ, ಕೆಲವರಿಗೆ ಮತ್ತೆ ಮತ್ತೆ ನೆರವು ಸಿಕ್ಕಿ, ಕೆಲವರಿಗೆ ಒಂದು ಸಲವೂ ಸಿಗದೇ ಹೋದದ್ದನ್ನು ಕಂಡು, ಮರುವರ್ಷ, 1970ರಲ್ಲಿ, ದುರಂತಗಳಲ್ಲಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟ ಹುಟ್ಟಿತು.

ನೀವು ಸಮಾಜಕಾರ್ಯದ ವಿದ್ಯಾರ್ಥಿಯಾದ್ದರಿಂದ ಕಡತ ಸಾಗುವ ದಾರಿಯನ್ನೇ ಹಿಡಿದು ಹೇಳುತ್ತೇನೆ. ಮನೆ ಕಳೆದುಕೊಂಡ ಕುಟುಂಬಕ್ಕೆ ಮೊದಲು ಎದುರಾಗುವವರು ಪ್ರಕರಣ ನಿರ್ವಾಹಕರು. ಅವರು ಆ ಮನೆಗೆ ಹೋಗಿ, ಅಡುಗೆಮನೆಯಲ್ಲೋ ಅಂಗಳದಲ್ಲೋ ಕೂತು, ವಿಮೆಯಿಂದ ಬಂದದ್ದೆಷ್ಟು, ಫೆಮಾ ಕೊಟ್ಟದ್ದೆಷ್ಟು, ಸಾಲ ಎತ್ತಲು ಶಕ್ತಿಯಿದೆಯೇ, ಮನೆಯಲ್ಲಿ ಗಾಲಿಕುರ್ಚಿಯವರಿದ್ದಾರೆಯೇ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಸಿಗಬಹುದಾದ ಎಲ್ಲ ಸರ್ಕಾರಿ ನೆರವನ್ನೂ ಕೊಡಿಸಿದ ಮೇಲೂ ಉಳಿಯುವ ಕೊರತೆಯನ್ನು ಅವರ ಭಾಷೆಯಲ್ಲಿ ‘ಈಡೇರದ ಅಗತ್ಯ’ ಎನ್ನುತ್ತಾರೆ. ಆ ಕೊರತೆಯ ಕಡತ ಮೇಜಿಗೆ ಬರುತ್ತದೆ, ಹೆಸರನ್ನು ಮರೆಮಾಡಿ ಸಂಖ್ಯೆಯಿಂದ ಗುರುತಿಸುವುದು ಒಳ್ಳೆಯ ತಂಡಗಳ ರೂಢಿ. ಒಂದು ಸಂಸ್ಥೆ ಹಲಗೆಗಳ ಹಣ ಕೊಡುತ್ತೇನೆನ್ನುತ್ತದೆ, ಇನ್ನೊಂದು ವಿದ್ಯುತ್ ತಂತಿಯ ಕೆಲಸಕ್ಕೆ ಪರವಾನಗಿ ಇರುವವರನ್ನು ಒದಗಿಸುತ್ತದೆ, ಮತ್ತೊಂದು ಎರಡು ವಾರ ಕೆಲಸ ಮಾಡಲು ಬಂದ ಹನ್ನೆರಡು ಸ್ವಯಂಸೇವಕರನ್ನು ಕಳಿಸುತ್ತದೆ. ಹೀಗೆ ನಾಲ್ಕಾರು ಕೈ ಸೇರಿ ಒಂದು ಮನೆ ಏಳುತ್ತದೆ.

ಈ ಕೆಲಸದಲ್ಲಿ ಪ್ರತಿಯೊಬ್ಬರಿಗೂ ಪಾರಂಪರಿಕವಾದ ಒಂದು ಪಾಲಿದೆ ಎನ್ನುವಷ್ಟು ರೂಢಿ ಬೆಳೆದಿದೆ. ಕ್ರೈಸ್ತ ಪಂಗಡಗಳಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರದು ಸಾವಿರಾರು ಜನರಿಗೆ ಬೇಯಿಸುವ ಸಂಚಾರಿ ಅಡುಗೆಮನೆ. ಮೆಥಡಿಸ್ಟರದು ಪ್ರಕರಣ ನಿರ್ವಹಣೆ. ಬೌದ್ಧರ ತ್ಸು ಚಿ ಸಂಸ್ಥೆಯವರು ಸಂತ್ರಸ್ತರ ಕೈಗೆ ನೇರವಾಗಿ ಹಣದ ಕಾರ್ಡು ಕೊಡುತ್ತಾರೆ. 1950ರಲ್ಲಿ ಕನ್ಸಾಸ್‌ನಲ್ಲಿ ಆರಂಭವಾದ, ಮೆನೊನೈಟರೆಂಬ ಇನ್ನೊಂದು ಕ್ರೈಸ್ತ ಪಂಗಡದ ದುರಂತ ಸೇವೆಯವರು ಬಡಗಿಗಳು, ಎಲ್ಲರೂ ಬಿಟ್ಟುಹೋದ ಮೇಲೂ ಉಳಿಯುವವರು. ಉತ್ತರ ಕೆರೊಲೈನಾದಲ್ಲಿ ಅವರು ಹಿಡಿದ ಕೆಲಸವೊಂದನ್ನು ಮಲೆನಾಡಿನ ಓದುಗರು ಕೂಡಲೇ ಅರ್ಥಮಾಡಿಕೊಳ್ಳಬಲ್ಲರು. ಅಲ್ಲಿನ ಬೆಟ್ಟದ ಮನೆಗಳಿಗೆ ಹೋಗಲು ಹಳ್ಳ ದಾಟಬೇಕು, ಆ ಸೇತುವೆಗಳು ಖಾಸಗಿಯವು, ನಮ್ಮ ಕಾಲುಸಂಕಗಳ ಹಾಗೆ ಆ ಮನೆಯವರೇ ಹಾಕಿಕೊಂಡಂಥವು. ಹೆಲೀನ್ ಅವನ್ನೆಲ್ಲ ಎತ್ತಿಕೊಂಡು ಹೋಯಿತು. ಖಾಸಗಿ ಸೇತುವೆಗೆ ಸಿಗುವ ಸರ್ಕಾರಿ ಹಣ ಅಲ್ಪ. ಸೇತುವೆಯಿಲ್ಲದೆ ಹೊಸ ಚಾವಣಿಯ ಹಲಗೆಯೂ ಆಂಬುಲೆನ್ಸೂ ಆಚೆ ದಡ ಸೇರುವಂತಿಲ್ಲ. ಅಂಥ ಸೇತುವೆಗಳನ್ನು ಸ್ವಯಂಸೇವಕರು ಒಂದೊಂದಾಗಿ ಕಟ್ಟುತ್ತ ಬಂದರು. ಪತ್ರಿಕೆಗಳ ಮುಖಪುಟಕ್ಕೆ ಬರುವ ಕೆಲಸವಲ್ಲ ಅದು, ಆದರೆ ಅದಿಲ್ಲದೆ ಮುಂದಿನ ಯಾವ ಕೆಲಸವೂ ಇಲ್ಲ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ರಸ್ತೆ, ನೀರು, ಕಸವಿಲೇವಾರಿಯಂಥ ಸಾರ್ವಜನಿಕ ಕೆಲಸದ ವೆಚ್ಚದಲ್ಲಿ ಕೇಂದ್ರದ ಪಾಲು ಸಾಮಾನ್ಯವಾಗಿ ಶೇ 75, ಉಳಿದ ಶೇ 25 ರಾಜ್ಯ ಮತ್ತು ಸ್ಥಳೀಯ ಆಡಳಿತದ್ದು. ಲೆಕ್ಕವಿಟ್ಟ ಸ್ವಯಂಸೇವೆಯ ಗಂಟೆಗಳಿಗೆ ಬೆಲೆ ಕಟ್ಟಿ ಆ ಪಾಲಿಗೆ ಸೇರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಮರದ ಕೊಂಬೆ ಎಳೆದುಹಾಕುವ ಕಾಲೇಜು ಹುಡುಗನೊಬ್ಬ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರೆ ಆ ಸಹಿಗೂ ಊರಿನ ಖಜಾನೆಯಲ್ಲಿ ಬೆಲೆಯಿದೆ. ನೀವು ಮುಂದೆ ನಮ್ಮಲ್ಲಿ ನೆರೆ ಪರಿಹಾರದಲ್ಲಿ ಕೆಲಸ ಮಾಡುವವರಾದರೆ ಈ ಲೆಕ್ಕದ ಶಿಸ್ತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಕತ್ರೀನಾ ನಂತರ 2006ರಲ್ಲಿ ಲೂಯಿಸಿಯಾನಾದ ಸೇಂಟ್ ಬರ್ನಾರ್ಡ್ ಜಿಲ್ಲೆಯಲ್ಲಿ ಲಿಜ್ ಮೆಕಾರ್ಟ್ನಿ ಮತ್ತು ಝ್ಯಾಕ್ ರೋಸನ್‌ಬರ್ಗ್ ಎಂಬಿಬ್ಬರು ಆರಂಭಿಸಿದ, ಹಾಳಾದ ಮನೆಗಳನ್ನು ಮತ್ತೆ ಕಟ್ಟಿಕೊಡುವ ಎಸ್‌ಬಿಪಿ ಸಂಸ್ಥೆಯ ಕಥೆಯನ್ನೂ ಓದಿ. ಕಾರು ತಯಾರಿಕೆಯಲ್ಲಿ ಟೊಯೋಟಾ ಕಂಪನಿ ಬಳಸುವ ಕಾರ್ಯವಿಧಾನವನ್ನು ಆ ಕಂಪನಿಯವರಿಂದಲೇ ಕಲಿತು, ಯಾವ ಮನೆಯಲ್ಲಿ ಇಂದು ಯಾವ ಕೆಲಸ ನಿಂತಿದೆ ಎಂಬುದನ್ನು ಗೋಡೆಯ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು, ಒಂದು ಮನೆ ಮುಗಿಸುವ ಕಾಲವನ್ನು ಅವರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು. ಕಾಯುವ ಕುಟುಂಬ ಪ್ರತಿ ತಿಂಗಳೂ ಬಾಡಿಗೆಯನ್ನೂ ಮುಳುಗಿದ ಮನೆಯ ಸಾಲದ ಕಂತನ್ನೂ ಒಟ್ಟಿಗೆ ಕಟ್ಟುತ್ತಿರುತ್ತದೆ. ಉಳಿತಾಯವಾದ ಪ್ರತಿ ದಿನವೂ ಅವರಿಗೆ ಹಣವೇ.

ಪ್ರಶ್ನೆ: 2009ರ ನೆರೆಯ ನಂತರ ದಾನಿಗಳ ನೆರವಿನ ‘ಆಸರೆ’ ಯೋಜನೆಯಲ್ಲಿ ನಮ್ಮೂರಿಗೂ ಮನೆಗಳು ಬಂದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲವೆಂದು ಹಲವರು ಹಳೆಯ ಊರಿಗೇ ಹೋದರು. ಅಮೆರಿಕದಲ್ಲಿಯೂ ಹೀಗಾಗಿದೆಯೇ?
— ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಕಾರಣ ಬೇರೆ, ನೋವು ಒಂದೇ. ನ್ಯೂ ಆರ್ಲಿಯನ್ಸ್‌ನ ಲೋವರ್ ನೈನ್ತ್ ವಾರ್ಡ್ ಎಂಬ ಬಡಾವಣೆ ಒಡ್ಡು ಒಡೆದ ಜಾಗಕ್ಕೆ ಅಂಟಿಕೊಂಡಿತ್ತು. ನೀರು ಮನೆಗಳನ್ನು ತಳಪಾಯದಿಂದ ಕಿತ್ತು ಬೀದಿಗೆ ತಂದಿತ್ತು. 2007ರಲ್ಲಿ ನಟ ಬ್ರಾಡ್ ಪಿಟ್ ಸ್ಥಾಪಿಸಿದ ‘ಮೇಕ್ ಇಟ್ ರೈಟ್’ ಪ್ರತಿಷ್ಠಾನ ಅಲ್ಲಿ 150 ಮನೆಗಳನ್ನು ಕಟ್ಟುವುದಾಗಿ ಹೇಳಿತು. ಪ್ರಸಿದ್ಧ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿಕೊಟ್ಟರು, ನೆರೆಗೆ ಸಿಗದಂತೆ ಎತ್ತರದಲ್ಲಿ, ಸೌರಫಲಕಗಳೊಡನೆ ಸುಮಾರು 109 ಮನೆಗಳು ಎದ್ದವು. ಉದ್ದೇಶ ಒಳ್ಳೆಯದಿತ್ತೆಂದೇ ನಾನು ನಂಬುತ್ತೇನೆ. ಆದರೆ ಮಳೆ ಧಾರಾಕಾರವಾಗಿ ಸುರಿಯುವ, ವರ್ಷವಿಡೀ ಗಾಳಿಯಲ್ಲಿ ತೇವವಿರುವ ಊರಿನಲ್ಲಿ ಕೆಲವು ಮನೆಗಳಿಗೆ ಚಪ್ಪಟೆ ಚಾವಣಿ ಬಂತು, ಪ್ರಯೋಗಕ್ಕೆಂದು ಬಳಸಿದ ಮರ ಕೊಳೆಯಿತು, ಬೂಷ್ಟು ಹಿಡಿಯಿತು. 2018ರಲ್ಲಿ ಮನೆಯವರೇ ನ್ಯಾಯಾಲಯಕ್ಕೆ ಹೋದರು. 2022ರಲ್ಲಿ 2.05 ಕೋಟಿ ಡಾಲರ್‌ಗಳ ರಾಜಿ ಒಪ್ಪಂದ ಪ್ರಕಟವಾಯಿತಾದರೂ ಆ ಹಣವೂ ಹೇಳಿದ ಹೊತ್ತಿಗೆ ಅವರ ಕೈಸೇರಲಿಲ್ಲ. ಎರಡು ಸಲ ಮನೆ ಕಳೆದುಕೊಂಡವರು ಅವರು.

ಅದೇ ನಗರದ ಅಪ್ಪರ್ ನೈನ್ತ್ ವಾರ್ಡ್‌ನಲ್ಲಿ, ಬಡವರಿಗೆ ಮನೆ ಕಟ್ಟುವ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಸ್ಥಳೀಯ ಶಾಖೆ, ಸಂಗೀತಗಾರರಾದ ಹ್ಯಾರಿ ಕಾನಿಕ್ ಜೂನಿಯರ್ ಮತ್ತು ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್ ಅವರ ಜೊತೆಗೂಡಿ ‘ಸಂಗೀತಗಾರರ ಗ್ರಾಮ’ವನ್ನು ಕಟ್ಟಿತು. ಮನೆಗಳು ಸಾದಾ, ಆ ಊರಿನ ಹಳೆಯ ಮನೆಗಳ ಹಾಗೆ ಮುಂದೆ ಜಗಲಿ. ಮನೆ ಪಡೆಯುವವರು ಕಟ್ಟುವ ಕೆಲಸದಲ್ಲಿ ತಾವೂ ನೂರಾರು ಗಂಟೆ ದುಡಿಯಬೇಕು, ಮೇಲೆ ಬಡ್ಡಿಯಿಲ್ಲದ ಕಂತು ಕಟ್ಟಬೇಕು. ಅಲ್ಲಿಯೂ ದೋಷಪೂರಿತವಾದ ಗೋಡೆಹಲಗೆಯ ತೊಂದರೆ ಬಂತು. ಆದರೆ ಕಟ್ಟಿದ ಸಂಸ್ಥೆ ಊರಿನಲ್ಲೇ ಬೇರೂರಿತ್ತು. ಹಲಗೆ ಕಿತ್ತು ಸರಿಪಡಿಸುವ ಕೆಲಸವನ್ನು ಅದು ಕೈಗೆತ್ತಿಕೊಂಡಿತು. ದೊಡ್ಡ ಹೆಸರಿನ ದಾನಿಯನ್ನು ಕಂಡಾಗ ನಾನು ಮೊದಲು ಕೇಳುವ ಪ್ರಶ್ನೆ, ಹತ್ತು ವರ್ಷದ ಮೇಲೆ ಚಾವಣಿ ಸೋರಿದರೆ ಯಾರ ಮನೆಯ ಬಾಗಿಲು ತಟ್ಟಬೇಕು ಎಂಬುದು. ನಿಮ್ಮ ಊರಿನ ಹಿರಿಯರನ್ನು ಯಾರಾದರೂ ಮೊದಲೇ ಕೇಳಿದ್ದರೆ ದನದ ಕೊಟ್ಟಿಗೆಯ ಮಾತನ್ನು ಅವರು ಹೇಳದೇ ಇರುತ್ತಿದ್ದರೇ?

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಬಹಳ ಹಳೆಯದು. 1893ರ ಆಗಸ್ಟ್‌ನಲ್ಲಿ ದಕ್ಷಿಣ ಕೆರೊಲೈನಾದ ಸೀ ಐಲೆಂಡ್ಸ್ ದ್ವೀಪಗಳ ಮೇಲೆ ಚಂಡಮಾರುತ ಎರಗಿತು. ಅಲ್ಲಿದ್ದವರು ಹೆಚ್ಚಾಗಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಒಂದು ತಲೆಮಾರು ಕಳೆದಿದ್ದ ಕಪ್ಪು ರೈತರು. ಸುಮಾರು 30,000 ಮಂದಿ ನೆಲೆ ಕಳೆದುಕೊಂಡರು. ಅಮೆರಿಕದ ರೆಡ್ ಕ್ರಾಸ್ ಸ್ಥಾಪಿಸಿದ ಕ್ಲಾರಾ ಬಾರ್ಟನ್ ತಮ್ಮ 71ನೆಯ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಸುಮಾರು ಹತ್ತು ತಿಂಗಳು ನಿಂತರು. ವಾರಕ್ಕಿಷ್ಟು ಎಂದು ಜೋಳದ ನುಚ್ಚು, ಹಂದಿಮಾಂಸ ಹಂಚಿದರು, ಜೊತೆಯಲ್ಲೇ ಉಪ್ಪುನೀರು ನಿಂತ ಗದ್ದೆಗಳಿಂದ ಅದನ್ನು ಹರಿಸಲು ಕಾಲುವೆ ತೋಡಿಸಿದರು, ಹೆಂಗಸರ ಹೊಲಿಗೆ ಗುಂಪುಗಳನ್ನು ಕಟ್ಟಿದರು, ಬಿತ್ತನೆಗೆ ಬೀಜ ತರಿಸಿದರು. ಜನ ತಮ್ಮ ಬೆಳೆ ಕಾಣುವ ಕಾಲಕ್ಕೆ ಅವರು ಅಲ್ಲಿಂದ ಹೊರಟರು.

ಪ್ರಶ್ನೆ: ಪೋರ್ಟೊ ರಿಕೊದಲ್ಲಿ ಮರಿಯಾ ಚಂಡಮಾರುತದಿಂದ ಸತ್ತವರು 64 ಎಂದೂ ಓದಿದ್ದೇನೆ, ಸುಮಾರು ಮೂರು ಸಾವಿರ ಎಂದೂ ಓದಿದ್ದೇನೆ. ಯಾವುದು ಸರಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊಗೆ 2017ರ ಸೆಪ್ಟೆಂಬರ್ 20ರಂದು ಮರಿಯಾ ಬಂದ ಬಳಿಕ ಅಧಿಕೃತ ಸಂಖ್ಯೆ ಬಹಳ ದಿನ 64ರಲ್ಲೇ ನಿಂತಿತ್ತು. 2018ರ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ, ಚಂಡಮಾರುತದ ನಂತರದ ಸುಮಾರು ಐದು ತಿಂಗಳಲ್ಲಿ ಮಾಮೂಲಿಗಿಂತ 2,975 ಮಂದಿ ಹೆಚ್ಚು ಸತ್ತಿದ್ದಾರೆಂದು ಅಂದಾಜಿಸಿತು. ಪೋರ್ಟೊ ರಿಕೊ ಸರ್ಕಾರ ಆ ಸಂಖ್ಯೆಯನ್ನು ಒಪ್ಪಿಕೊಂಡಿತು. ಎರಡು ಸಂಖ್ಯೆಗಳ ನಡುವಿನವರು ಗಾಳಿಗೆ ಸಿಕ್ಕಿ ಸತ್ತವರಲ್ಲ. ವಿದ್ಯುತ್ ಇಲ್ಲದೆ ಆಮ್ಲಜನಕದ ಯಂತ್ರ, ಡಯಾಲಿಸಿಸ್, ತಂಪಿನಲ್ಲಿಡಬೇಕಾದ ಔಷಧಿ ಕೈಗೆಟುಕದವರು, ಹೆಚ್ಚಾಗಿ ವೃದ್ಧರು ಮತ್ತು ಬಡವರು. ದ್ವೀಪದ ಕೊನೆಯ ಮನೆಗಳಿಗೆ ವಿದ್ಯುತ್ ಮರಳಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು.

ಮೊದಲ ವಾರಗಳಲ್ಲಿ ಬಾಣಸಿಗ ಹೋಸೆ ಆಂದ್ರೆಸ್ ಅವರ ವರ್ಲ್ಡ್ ಸೆಂಟ್ರಲ್ ಕಿಚನ್ ಸ್ಥಳೀಯ ಅಡುಗೆಯವರನ್ನೇ ಕೂಡಿಸಿ ಲಕ್ಷಾಂತರ ಬಿಸಿಯೂಟ ಬಡಿಸಿತು. ಅದು ದೊಡ್ಡ ಕೆಲಸ. ಆದರೆ ಚೇತರಿಕೆಯ ಮಾತು ಬಂದಾಗ ನಾನು ನೆನೆಯುವುದು ಅಡ್ಹುಂತಾಸ್ ಎಂಬ ಬೆಟ್ಟದೂರನ್ನು. 1980ರಲ್ಲಿ ಗಣಿಗಾರಿಕೆಯ ವಿರುದ್ಧ ಹೋರಾಡಲು ಅಲ್ಲಿ ಹುಟ್ಟಿದ ಕಾಸಾ ಪುಯೆಬ್ಲೊ ಎಂಬ ಸಮುದಾಯ ಸಂಸ್ಥೆಯ ಮಾಳಿಗೆಯ ಮೇಲೆ ಮೊದಲೇ ಸೌರಫಲಕಗಳಿದ್ದವು. ಇಡೀ ದ್ವೀಪ ಕತ್ತಲಲ್ಲಿದ್ದಾಗ ಜನ ಉಸಿರಾಟದ ಯಂತ್ರಗಳನ್ನು ಹೊತ್ತು ಅಲ್ಲಿಗೆ ಬಂದರು. ಬಂದ ದೇಣಿಗೆಯನ್ನು ಆ ಸಂಸ್ಥೆ ಸೌರದೀಪಗಳಿಗೆ, ರೋಗಿಗಳಿರುವ ಮನೆಗಳಿಗೆ, ಬಳಿಕ ಊರಿನ ಅಂಗಡಿಗಳಿಗೆ ಬೆಳಕು ಕೊಡುವ ವ್ಯವಸ್ಥೆಗೆ ತೊಡಗಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ಚಂಡಮಾರುತ ಮತ್ತೆ ಇಡೀ ದ್ವೀಪದ ವಿದ್ಯುತ್ತನ್ನು ಕಡಿದಾಗಲೂ ಅಲ್ಲಿ ದೀಪ ಉರಿಯುತ್ತಿತ್ತು.

ಇನ್ನೊಂದು ತೊಡಕನ್ನು ಇಲ್ಲೇ ಹೇಳಬೇಕು. ದ್ವೀಪದ ಬಹಳಷ್ಟು ಮನೆಗಳು ಅಜ್ಜನ ಹೆಸರಿನಲ್ಲಿದ್ದವು, ಇಲ್ಲವೇ ಯಾವ ಕಾಗದವೂ ಇಲ್ಲದೆ ಕಟ್ಟಿದಂಥವು. ನಮ್ಮಲ್ಲಿ ಪೌತಿ ಖಾತೆ ಆಗದೆ ಉಳಿದ ಜಮೀನಿನ ಕಥೆಯೇ. ಮಾಲೀಕತ್ವದ ದಾಖಲೆ ಇಲ್ಲವೆಂದು ಫೆಮಾ ಸಾವಿರಾರು ಅರ್ಜಿಗಳನ್ನು ತಳ್ಳಿಹಾಕಿತು. ಸ್ಥಳೀಯ ವಕೀಲರು ಉಚಿತವಾಗಿ ಹೋರಾಡಿದರು. ಕೊನೆಗೆ 2021ರಲ್ಲಿ ಫೆಮಾ ತನ್ನ ನಿಯಮ ಬದಲಿಸಿ, ಬೇರೆ ದಾಖಲೆಯಿಲ್ಲದಾಗ ವಾಸಿಸುವವರ ಸ್ವಂತ ಹೇಳಿಕೆಯನ್ನೂ ಒಪ್ಪತೊಡಗಿತು. ಕಾನೂನು ನೆರವಿಗೆ ಕೊಟ್ಟ ದೇಣಿಗೆ ಎಷ್ಟು ಮನೆಗಳ ಗೋಡೆಯಾಗಬಲ್ಲದು ಎಂಬುದನ್ನು ದಾನಿಗಳು ಯೋಚಿಸಬೇಕು.

ಪ್ರಶ್ನೆ: ನಾವು ಎಚ್-1ಬಿ ವೀಸಾದವರು. ಚಂಡಮಾರುತದಲ್ಲಿ ಮನೆ ಮುಳುಗಿದರೆ ನಮಗೆ ನೆರವು ಸಿಗುತ್ತದೆಯೇ?
— ಓದುಗರೊಬ್ಬರು, ಹೂಸ್ಟನ್

ಉತ್ತರ: ಹೂಸ್ಟನ್‌ನವರಾದ ನಿಮಗೆ 2017ರ ಹಾರ್ವಿ ಚಂಡಮಾರುತ ನೆನಪಿರಬೇಕು, ಹೂಸ್ಟನ್ ವಿಶ್ವವಿದ್ಯಾಲಯದ ಸುಮಾರು 200 ಭಾರತೀಯ ವಿದ್ಯಾರ್ಥಿಗಳು ನೀರಿನ ನಡುವೆ ಸಿಲುಕಿಕೊಂಡಿದ್ದರು. ಬಹುಕಾಲದಿಂದ ಇರುವ ನಿಯಮದಂತೆ ಫೆಮಾದ ನಗದು ನೆರವು ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕೆಲವು ನಿರ್ದಿಷ್ಟ ವರ್ಗದವರಿಗೆ ಮಾತ್ರ; ಎಚ್-1ಬಿ ಮತ್ತು ವಿದ್ಯಾರ್ಥಿ ವೀಸಾದವರು ಅದರಲ್ಲಿ ಸೇರುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ನಾಗರಿಕತ್ವ ಪಡೆದ ಮಗುವಿದ್ದರೆ ಆ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ತಂಗುದಾಣ, ಊಟ, ಆಪ್ತಸಲಹೆಯಂಥ ತುರ್ತು ಸೌಲಭ್ಯಗಳಿಗೆ ವೀಸಾದ ಪ್ರಶ್ನೆ ಬರುವುದಿಲ್ಲ. ನೆರೆವಿಮೆಯನ್ನು ವೀಸಾದವರೂ, ಬಾಡಿಗೆ ಮನೆಯಲ್ಲಿರುವವರೂ ಕೊಳ್ಳಬಹುದು. ಸಾಮಾನ್ಯವಾಗಿ ಕೊಂಡ 30 ದಿನಗಳ ಮೇಲಷ್ಟೇ ಜಾರಿಗೆ ಬರುವುದರಿಂದ ಚಂಡಮಾರುತಗಳ ಋತು ಆರಂಭವಾಗುವ ಜೂನ್ 1ಕ್ಕೆ ಮೊದಲೇ ಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಲೆಕ್ಕಪರಿಶೋಧಕ, ಮಗನ ಮನೆಯಲ್ಲಿದ್ದೇನೆ. ಸುತ್ತಿಗೆ ಹಿಡಿಯುವ ವಯಸ್ಸಲ್ಲ. ದೇಣಿಗೆಯ ಹೊರತಾಗಿ ನನ್ನಿಂದ ಏನಾದರೂ ಆಗುವುದೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಖಂಡಿತ ಆಗುತ್ತದೆ, ಮತ್ತು ಸುತ್ತಿಗೆ ಹಿಡಿಯುವವರಿಗಿಂತ ನಿಮ್ಮಂಥವರ ಕೊರತೆಯೇ ಹೆಚ್ಚು. ನೀವು ಮಗನ ಮನೆಗೆ ಪ್ರವಾಸಿ ವೀಸಾದಲ್ಲಿ ಬಂದವರಾದರೆ ಸಂಬಳವಿಲ್ಲದ ಸೇವೆಗೂ ಇರುವ ನಿಬಂಧನೆಗಳನ್ನು ಮೊದಲು ವಿಚಾರಿಸಿಕೊಳ್ಳಿ. ಫೆಮಾದಿಂದ ಸಂತ್ರಸ್ತರಿಗೆ ಪತ್ರ ಬರುತ್ತದೆ, ಅದರಲ್ಲಿ ‘ಅರ್ಹರಲ್ಲ’ ಎಂಬ ಪದ ಇರುತ್ತದೆ. ಮನೆ ಕಳೆದುಕೊಂಡು ಸೋತಿರುವವರು ಆ ಒಂದು ಪದವನ್ನು ಓದಿ ಪತ್ರವನ್ನು ಪಕ್ಕಕ್ಕಿಡುತ್ತಾರೆ. ಎಷ್ಟೋ ಸಲ ಅದರ ಅರ್ಥ ಒಂದು ಕಾಗದ ಕಡಿಮೆಯಿದೆ ಎಂದಷ್ಟೇ: ವಿಮಾ ಕಂಪನಿ ಹಣ ಕೊಡುವುದಿಲ್ಲವೆಂದು ಬರೆದ ಪತ್ರ, ಆ ಮನೆಯಲ್ಲೇ ವಾಸವಿದ್ದುದಕ್ಕೆ ಒಂದು ವಿದ್ಯುತ್ ಬಿಲ್ಲು, ಒಂದು ಸಹಿ. ಮೇಲ್ಮನವಿಗೆ ಪತ್ರದ ದಿನಾಂಕದಿಂದ 60 ದಿನಗಳ ಅವಕಾಶವಿದೆ.

ನಾನೊಮ್ಮೆ ಇಂಥ ಪತ್ರ ಹಿಡಿದಿದ್ದ ಮುದುಕಿಯೊಬ್ಬರ ಪಕ್ಕದಲ್ಲಿ ಕೂತಿದ್ದೆ. ಅವರು ಅದನ್ನು ನಾಲ್ಕಾಗಿ ಮಡಿಸಿ ಕೈಚೀಲದ ತಳದಲ್ಲಿ ಇಟ್ಟುಕೊಂಡಿದ್ದರು. ಐವತ್ತೊಂದು ದಿನ ಕಳೆದಿತ್ತು. ಕೇಳಿದ್ದ ಕಾಗದ ಅದೇ ಚೀಲದಲ್ಲಿತ್ತು. ನಿಮ್ಮ ಜಿಲ್ಲೆಗೆ ಹತ್ತಿರದ ಚೇತರಿಕೆ ತಂಡಕ್ಕೆ ಫೋನ್ ಮಾಡಿ, ಪ್ರಕರಣ ನಿರ್ವಾಹಕರ ಜೊತೆ ಕೂತು ಕಡತ ಓದಬಲ್ಲೆನೆಂದು ಹೇಳಿ. ಅವರು ಕೊಡುವ ತರಬೇತಿ ಮುಗಿಸಿಕೊಂಡು, ವಾರಕ್ಕೆ ಎರಡು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.